ನನ್ನ ಮುಖದ ಹವಾಮಾನ

ಮಳೆ ಬರುತ್ತದೆ ಎಂದು ನಾನು ಹೇಳಿ ಅದು ಬಾರದಿದ್ದರೆ ಜನ ನಗುತ್ತಾರೆ. ಬರುವುದಿಲ್ಲ ಎಂದು ಹೇಳಿ ಬಂದುಬಿಟ್ಟರೆ ಬೈಯುತ್ತಾರೆ. ಹೇಳಿದ ಹಾಗೆಯೇ ಬಂದರೆ ಮಾತ್ರ ಯಾರೂ ಏನೂ ಹೇಳುವುದಿಲ್ಲ; ಆಗ ಅದು ದೇವರ ಕೃಪೆ. ಟೀವಿಯಲ್ಲಿ ಹವಾಮಾನ ಹೇಳುವವನ ಬಾಳು ಇಷ್ಟೇ. ಹವಾಮಾನ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ನಿಂತುಕೊಂಡೇ ಹೋಗಿ, ಬಿರುಗಾಳಿ, ಆಲಿಕಲ್ಲು, ಸಿಡಿಲು ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವನು ನಾನು. ರೈಲಿನಲ್ಲಿ ಗುರುತು ಹಿಡಿದವರು ಕೇಳುವುದು ಒಂದೇ ಪ್ರಶ್ನೆ: "ಸಾರ್, ನೀವು ಹೇಳಿದ್ದು ಯಾವತ್ತಾದ್ರೂ ನಿಜ ಆಗಿದೆಯಾ?" ಕೇಳಿದವನ ಕಂಕುಳಲ್ಲೇ ಕೊಡೆ ಇರುತ್ತದೆ. ಅದನ್ನು ಯಾರ ಮಾತು ಕೇಳಿ ತಂದೆಯಪ್ಪಾ ಎಂದು ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ, ಕೆಲಸಕ್ಕೆ ಹೋಗಬೇಕಲ್ಲ.

ಹಾಗೆಂದು ನನ್ನನ್ನು ನಂಬುವವರೇ ಇಲ್ಲವೆಂದಲ್ಲ. ಒಂದು ದಿನವೂ ತಪ್ಪದೆ ನೋಡಿ, ಕಣ್ಣುಮುಚ್ಚಿ ನಂಬುವ ಪ್ರೇಕ್ಷಕಿ ಒಬ್ಬಳಿದ್ದಾಳೆ, ಕೆಜಿಎಫ್ ಹತ್ತಿರದ ಕ್ಯಾಸಂಬಳ್ಳಿಯಲ್ಲಿರುವ ನನ್ನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಅವಳು ನನ್ನ ಕಾರ್ಯಕ್ರಮ ನೋಡುವುದು ಹೇಗೆಂದರೆ, ಟೀವಿಯ ಸೌಂಡನ್ನು ಪೂರ್ತಿ ಬಂದ್ ಮಾಡಿ. ಇದು ಮೊದಲ ಸಲ ಗೊತ್ತಾದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಊರಿಗೆಲ್ಲ ಕೂಗಿ ಹೇಳುವವನ ಬಾಯನ್ನು ಒಡಹುಟ್ಟಿದವಳೇ ಮುಚ್ಚಿಬಿಡುವುದೆಂದರೆ! ಕೇಳಿದ್ದಕ್ಕೆ, "ವಾಯುಭಾರ ಕುಸಿತ ಅಂತೀಯ, ಚದುರಿದಂತೆ ಅಂತೀಯ, ಅದ್ಯಾವ ಊರ್ ಮಾತ್ಲಾ? ಮಕ ನೋಡ್ತೀನಿ, ಸಾಕು" ಎಂದಳು.

ಮುಖದಲ್ಲಿ ಏನಿದೆ ಎಂದಿರಾ? ಚಿಕ್ಕಂದಿನಲ್ಲಿ ಭಯವಾದಾಗ ನಾನು ಕೆಳತುಟಿಯನ್ನು ಹಲ್ಲಿನೊಳಕ್ಕೆ ಎಳೆದುಕೊಳ್ಳುತ್ತಿದ್ದೆನಂತೆ. ನಮ್ಮ ಜಿಲ್ಲೆಯ ಮೇಲೆ ಕೆಟ್ಟ ಮೋಡ ಕಟ್ಟುವುದು ಕಂಡ ದಿನ ಈಗಲೂ ಹಾಗೇ ಮಾಡುತ್ತೇನೆ. ಇದು ನನಗೇ ಗೊತ್ತಿರಲಿಲ್ಲ, ಅಕ್ಕನಿಗೆ ಗೊತ್ತಿತ್ತು. ಪಕ್ಕದ ಮನೆಯ ಮುನಿಯಮ್ಮ ಗೋಡೆಯಾಚೆಯಿಂದ "ಅಕ್ಕೋ, ಸಂಡಿಗೆ ಇಡ್ಲಾ ಬ್ಯಾಡ್ವಾ?" ಎಂದು ಕೂಗುತ್ತಾಳೆ. ಅಕ್ಕ ಟೀವಿಯತ್ತ ನೋಡಿ, "ಬ್ಯಾಡ ಕಣಮ್ಮಿ, ನಮ್ ಉಡ್ಗ ತುಟಿ ಎಳ್ಕೊಂಡವ್ನೆ" ಎನ್ನುತ್ತಾಳೆ. ಅಷ್ಟಕ್ಕೆ ಬೀದಿಯವರೆಲ್ಲ ಮೆಣಸಿನಕಾಯಿ, ಹುಣಸೆಹಣ್ಣು ಒಳಗೆ ತೆಗೆದಿಡುತ್ತಾರೆ. ಉಪಗ್ರಹ, ರಾಡಾರ್, ನನ್ನ ಎಂ.ಎಸ್ಸಿ. ಎಲ್ಲ ಸೇರಿ ಕೊನೆಗೆ ಕೆಲಸಕ್ಕೆ ಬಂದದ್ದು ನನ್ನ ಕೆಳತುಟಿ. ನನಗೆ ಅವಮಾನವಾಗಿತ್ತು, ಸುಳ್ಳೇಕೆ ಹೇಳಲಿ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಹೀಗಿರುವಾಗ ನಮ್ಮ ಚಾನೆಲ್ಲಿಗೆ ಹೊಸ ಮುಖ್ಯಸ್ಥರು ಬಂದರು. ಮೊದಲ ವಾರದಲ್ಲೇ ನನ್ನನ್ನು ಕರೆಸಿ, "ನಿಮ್ಮ ಮುಖ ನೋಡಿದ್ರೆ ಸಾವಿನ ಮನೆಗೆ ಮಾತಾಡಿಸೋಕೆ ಬಂದವರ ಹಾಗಿರುತ್ತೆ. ಜನ ಹೆದರಿ ಚಾನೆಲ್ ಬದಲಾಯಿಸ್ತಾರೆ. ನಗಬೇಕು" ಎಂದರು. ಸಿಡಿಲು ಬರುತ್ತದೆಂದು ಹೇಳುವಾಗ ನಗುವುದು ಹೇಗೆ ಸಾರ್ ಎಂದೆ. "ಹೇಳೋದು ನಾಲಗೆ, ನಗೋದು ಮುಖ. ಎರಡಕ್ಕೂ ಏನ್ರೀ ಸಂಬಂಧ?" ಎಂದರು. ನಗು ಕಲಿಸಲು ಒಬ್ಬ ಹೆಂಗಸನ್ನೂ ನೇಮಿಸಿದರು. ಮನೆಯಲ್ಲಿ ಹೇಳಿಕೊಂಡರೆ ನನ್ನ ಹೆಂಡತಿಯೂ, "ನಗ್ರೀ, ನಿಮ್ಮ ಗಂಟೇನು ಹೋಗುತ್ತೆ?" ಎಂದಳು. ಮನೆಯಲ್ಲೂ ಅದರ ಕೊರತೆ ಇತ್ತೆಂದು ಕಾಣುತ್ತದೆ. ನಾನು ರೈಲಿನಲ್ಲಿ ಅಭ್ಯಾಸ ಶುರುಮಾಡಿದೆ. ಎದುರಿಗೆ ಕೂತಿದ್ದ ಹೆಂಗಸೊಬ್ಬರು ಮಾಲೂರು ಬರುವ ಮೊದಲೇ ಎದ್ದು ಬೇರೆ ಕಡೆ ಹೋದರು. ಆದರೂ ಬಿಡಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ಭೂಕಂಪವಾದರೂ ಕದಲದಂಥ ಒಂದು ನಗು ನನ್ನ ಮುಖಕ್ಕೆ ಅಂಟಿಕೊಂಡಿತ್ತು. ತುಟಿ ಮಿಸುಕುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಬೆಳಗ್ಗೆಯೇ ಪೂರ್ವದ ಕಡೆಯ ಲಕ್ಷಣ ಸರಿ ಇರಲಿಲ್ಲ. ಕೆಜಿಎಫ್ ಸುತ್ತಮುತ್ತ ಗಾಳಿ, ಆಲಿಕಲ್ಲು, ಸಿಡಿಲು ಖಂಡಿತ ಎಂದು ನಾನೇ ಹೇಳಿದೆ. ಹಾಗಾದರೆ ಅಲ್ಲಿಂದಲೇ ನೇರಪ್ರಸಾರ ಎಂದು ಮುಖ್ಯಸ್ಥರು ನನ್ನನ್ನೂ ಕ್ಯಾಮೆರಾದವನನ್ನೂ ಕಾರಿನಲ್ಲಿ ಕಳಿಸಿದರು. ಮಧ್ಯಾಹ್ನ ಅಲ್ಲಿನ ಉರಿಗಾಂನಲ್ಲಿ, ಚಿನ್ನದ ಗಣಿಯ ಪುಡಿಮಣ್ಣು ಗುಡ್ಡವಾಗಿ ಬಿದ್ದಿರುವ ಸೈನೈಡ್ ದಿಬ್ಬದ ಮುಂದೆ ನಿಂತೆ. ಗಾಳಿ ಎದ್ದಿತ್ತು. ದಿಬ್ಬದ ಬಿಳಿ ಧೂಳು ಕಣ್ಣು, ಮೂಗು, ಬಾಯಿಗೆಲ್ಲ ನುಗ್ಗುತ್ತಿತ್ತು. "ಮರದ ಕೆಳಗೆ ನಿಲ್ಲಬೇಡಿ, ದನಕರುಗಳನ್ನು ಮರಕ್ಕೆ ಕಟ್ಟಬೇಡಿ, ದಯವಿಟ್ಟು ಮನೆಯೊಳಗಿರಿ" ಎಂದು ನಾಡಿಗೆಲ್ಲ ಹೇಳಿದೆ, ಬಾಯ್ತುಂಬ ನಗುತ್ತಾ. ಒಣಗಿದ ಬಟ್ಟೆ ಎಳೆದುಕೊಳ್ಳಲು ಬಂದಿದ್ದ ಅಲ್ಲಿನ ತಮಿಳು ಹೆಂಗಸೊಬ್ಬರು, "ಎನ್ನ ಸಾರ್, ಇಂಥ ಗಾಳೀಲಿ ನಗ್ತೀರಾ?" ಎಂದರು. ಆಗಲೂ ಅವರ ಕಡೆಗೆ ತಿರುಗಿ ಅದೇ ನಗು ನಕ್ಕೆ.

ಮೈಕು ಬಿಚ್ಚುವಾಗ ಥಟ್ಟನೆ ಹೊಳೆಯಿತು. ಅಕ್ಕ ನೋಡಿರುತ್ತಾಳೆ. ಏನನ್ನು ನೋಡಿರುತ್ತಾಳೆ? ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಕರೆ ಹೋಗಲೇ ಇಲ್ಲ. ಅಷ್ಟರಲ್ಲಿ ಕ್ಯಾಸಂಬಳ್ಳಿಯ ದಿಕ್ಕಿನಲ್ಲಿ ಆಕಾಶ ಸೀಳಿದಂತೆ ಮಿಂಚಿತು. ಕಾರಿನವನಿಗೆ ನಡಿಯಪ್ಪಾ ಎಂದವನು ದಾರಿಯುದ್ದಕ್ಕೂ ಕೆಮ್ಮುತ್ತ, ದೇವರನ್ನೂ ಮುಖ್ಯಸ್ಥರನ್ನೂ ಸರದಿಯ ಮೇಲೆ ನೆನೆಯುತ್ತ ಕೂತಿದ್ದೆ. ಆಲಿಕಲ್ಲು ಕಾರಿನ ಮೇಲೆ ಬಡಿಯುತ್ತಿತ್ತು.

ಊರಾಚೆ ಅಕ್ಕನ ಹೊಲದ ಬದುವಿನಲ್ಲಿ ಜನ ಗುಂಪಾಗಿ ನಿಂತಿದ್ದರು. ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದೆ. ಮುನಿಯಮ್ಮ ಓಡಿಬಂದು, "ಅಕ್ಕಂಗೇನಾಗಿಲ್ಲ ಕಣಪ್ಪಾ, ಅಸ ಓಯ್ತು" ಎಂದಳು. ಹುಣಸೆಮರ ನಡುವೆ ಸೀಳಿತ್ತು. ಅದರ ಕೆಳಗೆ ಅಕ್ಕನ ಹಸು ಕೆಂಪಿ ಸತ್ತು ಮಲಗಿತ್ತು, ಕಟ್ಟಿದ ಹಗ್ಗ ಹಾಗೇ ಇತ್ತು. ಅಕ್ಕ ಹುಲ್ಲು ಕೊಯ್ಯಲು ಆಚೆ ಬದುವಿಗೆ ಹೋಗಿದ್ದರಿಂದ ಉಳಿದಿದ್ದಳು. ತೊಯ್ದು ತೊಪ್ಪೆಯಾಗಿ ಹಸುವಿನ ತಲೆಯ ಹತ್ತಿರ ಕೂತಿದ್ದಳು.

ಬದುಕಿದ್ದಾಳಲ್ಲ ಎಂಬ ಸಂತೋಷಕ್ಕೋ ಏನೋ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಬಾಯಿ ಬಡ್ಕೊಂಡೆನಲ್ಲಕ್ಕಾ ಟೀವೀಲಿ! ಮರಕ್ಕೆ ಕಟ್ಟಬೇಡಿ, ಸಿಡಿಲು ಬರುತ್ತೆ ಅಂತ!" ಎಂದು ಕೂಗಿದೆ.

ಅಕ್ಕ ತಲೆಯೆತ್ತಿ ನೋಡಿದಳು. "ಅಂಗಂತ ಏಳಿದ್ಯಾ?" ಎಂದಳು. ಆಮೇಲೆ ಮೆಲ್ಲಗೆ, "ನಗ್ತಾ ಇದ್ದೆ ಕಣ್ಲಾ ನೀನು" ಎಂದಳು.

ನಾನು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಅಕ್ಕನಿಗಿಂತ ಜೋರಾಗಿ ಅತ್ತವನು ನಾನು. ಹಸು ಕಳೆದುಕೊಂಡವಳೇ ಒದ್ದೆ ಸೆರಗಿನಿಂದ ನನ್ನ ಮುಖ ಒರೆಸಿ, "ಅಳಬ್ಯಾಡ್ಲಾ, ಮಕ ಊದ್ಕೊಳ್ತದೆ. ನಾಳೆ ಟೀವೀಗೆ ಓಗ್ಬೇಕು" ಎಂದಳು.

ಮರುದಿನ ಮುಖ್ಯಸ್ಥರ ಮುಂದೆ ನಿಂತು, ಇನ್ನು ಮೇಲೆ ಕೆಟ್ಟ ಸುದ್ದಿಗೆ ನಗುವುದಿಲ್ಲ ಎಂದೆ. ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ಹಾಕಿದರು. "ಆ ಹೊತ್ತಿನಲ್ಲಿ ಯಾರೂ ನೋಡಲ್ಲ, ಹೇಗಾದ್ರೂ ಇಟ್ಕೊಳ್ಳಿ ಮುಖಾನ" ಎಂದರು. ಕ್ಯಾಸಂಬಳ್ಳಿಯ ಒಂದು ಬೀದಿ ಊಟ ಮುಗಿಸಿ ಕಾದು ಕೂತಿರುತ್ತದೆಂದು ಅವರಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ. ಅಕ್ಕನಿಗೆ ಕೈಮುಗಿದು ಬೇಡಿಕೊಂಡೆ, ಸೌಂಡ್ ಇಟ್ಟುಕೊಂಡು ನೋಡು ಎಂದು. "ನಿನ್ ಮಾತು ಯಾವ್ ಊರ್ದೋ. ಮಕ ನಮ್ಮೂರ್ದು" ಎಂದಳು. ಅಲ್ಲಿಗೆ ಮುಗಿಯಿತು.

ಮುಖವನ್ನು ನಿಜವಾಗಿ ಇಟ್ಟುಕೊಳ್ಳುವುದು ನಗುವುದಕ್ಕಿಂತ ಕಷ್ಟ ಎಂದು ನನಗೆ ತಿಳಿದದ್ದು ಈ ಸಲದ ರಾಗಿ ಸುಗ್ಗಿಯಲ್ಲಿ. ಒಳ್ಳೆಯ ಬಿಸಿಲು, ಆಕಾಶದಲ್ಲಿ ಹಿಂಜಿದ ಹತ್ತಿಯಷ್ಟೂ ಮೋಡವಿಲ್ಲ. ನನಗೆ ಮಾತ್ರ ಬೆಳಗಿನಿಂದ ದವಡೆ ಹಲ್ಲು ಸಿಡಿಯುತ್ತಿತ್ತು. ಬಾಯಲ್ಲಿ ಒಣಹವೆ ಎನ್ನುತ್ತಿದ್ದೆ, ನೋವಿಗೆ ತುಟಿ ತಾನಾಗಿ ಒಳಗೆ ಹೋಗಿದೆ. ಅಕ್ಕ ನೋಡಿದಳು. ಬೀದಿಯವರೆಲ್ಲ ಕಣದಲ್ಲಿ ಹರಡಿದ ರಾಗಿಯನ್ನು ಗುಡ್ಡೆಮಾಡಿ ಟಾರ್ಪಾಲು ಹೊದಿಸಿ, ಸಂಜೆಯವರೆಗೆ ಬಿಸಿಲಿನಲ್ಲಿ ಮಳೆ ಕಾದರಂತೆ. ಫೋನಿನಲ್ಲಿ ಅಕ್ಕ, "ಏನ್ಲಾ ಆಗಿತ್ತು ನಿಂಗೆ?" ಎಂದು ಕೇಳಿದಳು. ಹಲ್ಲುನೋವು ಎಂದೆ. "ಅಯ್ಯೋ ಪಾಪ" ಎಂದಳು, ಮತ್ತೆ ದನಿ ತಗ್ಗಿಸಿ, "ನಾಳೆನಾದ್ರೂ ಆರಾಕ್ಬೌದಾ ಅಂತ ಮುನಿಯಮ್ಮ ಕೇಳ್ತಾವ್ಳೆ" ಎಂದಳು. ಆರಾಕು ಅಕ್ಕ, ಬಿಸಿಲಿದೆ ಎಂದೆ. "ಎರಡು ಗಂಟೇಗೆ ನೋಡ್ತೀವಿ ಬಿಡು" ಎಂದಳು.

ಸೀದಾ ಬಂಗಾರಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಓಡಿದೆ. ಅವರು ದೀಪ ಹಿಡಿದು ನೋಡಿ, "ಬಾವು ಇದೆ. ಮಾತ್ರೆ ಕೊಡ್ತೀನಿ, ಇಳಿದ ಮೇಲೆ ಮುಂದಿನ ವಾರ ತೆಗೆಯೋಣ. ಈಗ ಕಿತ್ತರೆ ಇವತ್ತೆಲ್ಲ ತುಂಬ ನೋವಾಗುತ್ತೆ" ಎಂದರು.

"ಆಗಲಿ ಡಾಕ್ಟ್ರೇ, ಇವತ್ತೇ ಕಿತ್ತುಬಿಡಿ" ಎಂದೆ. "ನಾಳೆ ಒಳ್ಳೆ ಬಿಸಿಲಿದೆ."