ಟಪಾಲು ವ್ಯಾನಿನ ಹಗಲುದೀಪವನ್ನು ಆರಿಸತಕ್ಕ ಬಗ್ಗೆ

ಸುತ್ತೋಲೆ ಸಂಖ್ಯೆ: ದೀಪ/ಹಗಲು/ಆರಿಸು/17/ತಿದ್ದುಪಡಿ-4

ವಿಷಯ: ಅಂಗಡಿಯಿಂದ ತಂದ ಹೆಡ್‌ಲೈಟ್ ಕೂರಿಸಿರುವ ಟಪಾಲು ವ್ಯಾನಿನಲ್ಲಿ, ಎಂಜಿನ್ ಚಾಲೂ ಆದೊಡನೆ ಹಾಡಹಗಲೇ ತಾನಾಗಿ ಉರಿಯುವ ದೀಪವನ್ನು (ಇನ್ನು ಮುಂದೆ ‘ಹಗಲುದೀಪ’) ನಿಷ್ಕ್ರಿಯಗೊಳಿಸುವ ಕುರಿತು.

ಉಲ್ಲೇಖ:
(ಅ) ಇದೇ ವಿಷಯದ ತಿದ್ದುಪಡಿ 1, 2 ಮತ್ತು 3. ಇವುಗಳನ್ನು ಯಾರೂ ಓದಿರುವುದಿಲ್ಲ.
(ಆ) ವ್ಯಾನಿನ ಮಾಲೀಕಳೂ ಚಾಲಕಿಯೂ ಆದ ಅಕ್ಕನ ಮನವಿ.
(ಇ) ಸದರಿ ಅಕ್ಕನ ತಮ್ಮನಾದ ಮೆಕ್ಯಾನಿಕ್‌ನ ಮನವಿ. ಬಲ್ಬಿನ ಡಬ್ಬಿಯ ರಟ್ಟಿನ ಮೇಲೆ ಬರೆದದ್ದು. ಗ್ರೀಸ್ ಒರೆಸಿ ಓದಲಾಗಿದೆ.

ಪ್ರಸ್ತಾವನೆ:

ಈ ಇಲಾಖೆಯ ಸುತ್ತೋಲೆಗಳನ್ನು ನಲವತ್ತೊಂದು ಉಪಕಚೇರಿಗಳಿಗೆ ತಲುಪಿಸುವ ಕೆಲಸವನ್ನು ಆರು ವರ್ಷಗಳಿಂದ ಅಕ್ಕನ ವ್ಯಾನು ಮಾಡಿಕೊಂಡು ಬಂದಿರುತ್ತದೆ. ಕಳೆದ ತಿಂಗಳ ಮೂರನೇ ತಾರೀಖಿನಂದು ಕಚೇರಿಯ ಕಬ್ಬಿಣದ ಗೇಟು, ಯಾರೂ ತಳ್ಳದಿದ್ದರೂ ತಾನೇ ಬೀಸಿ ಬಂದು ವ್ಯಾನಿನ ಮೂತಿಗೆ ಬಡಿದು, ಎರಡೂ ಹೆಡ್‌ಲೈಟುಗಳು ಪುಡಿಪುಡಿಯಾದವು. ಗೇಟಿನ ಮೇಲೆ ವಿಚಾರಣೆ ನಡೆಸಲಾಗಿ, ಸದರಿ ಗೇಟು ಆ ಸಮಯದಲ್ಲಿ ಕರ್ತವ್ಯದ ಮೇಲಿತ್ತೆಂದು ಕಂಡುಬಂದು ಅದನ್ನು ದೋಷಮುಕ್ತಗೊಳಿಸಲಾಗಿದೆ. ಮೂರು ದಿನಗಳೊಳಗೆ ಹೆಡ್‌ಲೈಟು ಹಾಕಿಸತಕ್ಕದ್ದೆಂದು ಅಕ್ಕನಿಗೆ ನೋಟಿಸು ಕೊಡಲಾಯಿತು.

ಕಂಪನಿಯ ಹೆಡ್‌ಲೈಟು ಬರಲು ನಾಲ್ಕು ತಿಂಗಳು ಬೇಕೆಂದು ತಿಳಿದುಬಂದ ಮೇರೆಗೆ, ತಮ್ಮನು ಬೇರೆ ಅಂಗಡಿಯಿಂದ ಒಂದು ಜೊತೆ ತಂದು, ಒಂದೇ ಭಾನುವಾರದಲ್ಲಿ, ಮಧ್ಯಾಹ್ನದ ಊಟವನ್ನೂ ಬಿಟ್ಟು ಕೂರಿಸಿರುತ್ತಾನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ಈತನು ವೈರಿನ ಬಣ್ಣ ನೋಡಿಯೇ ಅದರ ಇಡೀ ಜಾತಕ ಹೇಳಬಲ್ಲವನೆಂದು ಅಕ್ಕಪಕ್ಕದ ಗ್ಯಾರೇಜಿನವರು ಹೇಳಿಕೆ ನೀಡಿದ್ದಾರೆ. ಹೊಸ ಹೆಡ್‌ಲೈಟಿನ ಮೇಲಂಚಿಗೆ ಬೆಳ್ಳನೆಯ ಪಟ್ಟಿ ಹೊತ್ತಿಕೊಂಡಾಗ ಈತನು “ಅಕ್ಕಾ, ನಿನ್ನ ವ್ಯಾನಿಗೆ ಹುಬ್ಬು ತೀಡಿಬಿಟ್ಟೆ ನೋಡೇ!” ಎಂದು ಕುಣಿದಾಡಿದ್ದೂ ದಾಖಲಾಗಿದೆ.

ಟಪಾಲು ತುಂಬುವಾಗ ವ್ಯಾನು ನಿಲ್ಲುವುದು ಕೊಠಡಿ ಸಂಖ್ಯೆ 3ರ ಕಿಟಕಿಯ ಎದುರು. ಎಂಜಿನ್ ನಿಲ್ಲಿಸಿದರೆ ಮತ್ತೆ ಚಾಲೂ ಮಾಡಲು ನಾಲ್ಕು ಜನ ತಳ್ಳಬೇಕಾದ್ದರಿಂದ ಅದನ್ನು ನಿಲ್ಲಿಸುವ ಪದ್ಧತಿ ಇರುವುದಿಲ್ಲ. ಕೊಠಡಿ 3ರಲ್ಲಿ ಮಾನ್ಯ ಮೇಲಧಿಕಾರಿಗಳು ಪ್ರತಿದಿನ ಎರಡರಿಂದ ಮೂರೂವರೆವರೆಗೆ ಕಣ್ಣು ಮುಚ್ಚಿಕೊಂಡು ಕಡತ ಪರಿಶೀಲಿಸುತ್ತಾರೆ. ಹಗಲುದೀಪವು ಮಾನ್ಯರ ರೆಪ್ಪೆಯ ಮೇಲೆ ನೇರವಾಗಿ ಬಿದ್ದು, ಹದಿನಾಲ್ಕು ಕಡತಗಳ ಪರಿಶೀಲನೆ ಅರ್ಧಕ್ಕೇ ಎಚ್ಚರಗೊಂಡಿತು. ಆದ್ದರಿಂದ ವ್ಯಾನನ್ನು ಅಂಗಳದಲ್ಲೇ ಚಕ್ರಕ್ಕೆ ಸರಪಳಿ ಬಿಗಿದು ತಡೆಹಿಡಿಯಲಾಗಿದೆ. ತಿಂಗಳ ಕೊನೆಯೊಳಗೆ ಬಿಡುಗಡೆಯಾಗದಿದ್ದಲ್ಲಿ ಟಪಾಲಿನ ಕೆಲಸವನ್ನು ಬೇರೆಯವರಿಗೆ ವಹಿಸಲಾಗುವುದು. ಅಕ್ಕನಿಗೆ ಬೇರೆ ಕೆಲಸ ಇರುವುದಿಲ್ಲ. “ನಿನ್ನ ಹುಬ್ಬು ನನ್ನ ಬಾಯಿಗೆ ಮಣ್ಣು ಹಾಕ್ತಲ್ಲೋ, ತಮ್ಮಯ್ಯಾ” ಎಂದು ಆಕೆ ಒಂದೇ ಒಂದು ಸಲ ಅಂದದ್ದು ತಮ್ಮನ ಎದೆಗೆ ನಾಟಿ, ಅಂದಿನಿಂದ ಆತನಿಗೆ ತುತ್ತು ಇಳಿಯುತ್ತಿಲ್ಲವೆಂದು ವಿಶ್ವಸನೀಯ ಮೂಲಗಳಿಂದ ತಿಳಿದುಬಂದಿದೆ.

ಮೇಲ್ಕಂಡ ಸಂಗತಿಗಳನ್ನು ಕೂಲಂಕಷವಾಗಿ ಬದಿಗಿಟ್ಟು, ಈ ಕೆಳಗಿನಂತೆ ಸೂಚಿಸಲಾಗಿದೆ:

1. ದಿನಾಂಕ 19ರ ತಪಾಸಣೆಯಲ್ಲಿ ತಮ್ಮನು, “ಸಾರ್, ಹಗಲುದೀಪಾನ ಹ್ಯಾಂಡ್ ಬ್ರೇಕಿನ ವೈರಿಗೆ ಕೊಟ್ಟಿದೀನಿ. ಬ್ರೇಕ್ ಎಳೆದು ನಿಲ್ಲಿಸಿದ್ರೆ ಆರತ್ತೆ, ಬಿಟ್ಟು ಹೊರಟ್ರೆ ಹತ್ತತ್ತೆ. ನಿಮ್ಮ ಕಿಟಕಿ ಮುಂದೆ ನಿಂತಾಗ ಕತ್ತಲೇ. ಮುಗೀತಲ್ಲ?” ಎಂದು ನಿವೇದಿಸಿಕೊಂಡನು. ಮುಗಿಯುವುದು ಈ ಕಚೇರಿಯ ಪದ್ಧತಿಯಲ್ಲ. ದೀಪವು ಎಲ್ಲ ಕಾಲದಲ್ಲೂ ಆರಿರಬೇಕಾಗಿರುವುದರಿಂದ, ವ್ಯಾನನ್ನು ಎಲ್ಲ ಕಾಲದಲ್ಲೂ ಹ್ಯಾಂಡ್ ಬ್ರೇಕ್ ಎಳೆದುಕೊಂಡೇ ಓಡಿಸತಕ್ಕದ್ದು. ಸುಟ್ಟ ವಾಸನೆ ಬಂದಲ್ಲಿ ಮೂಗು ಮುಚ್ಚಿಕೊಳ್ಳತಕ್ಕದ್ದು. ಇದನ್ನು ಕೇಳಿ ತಮ್ಮನು ಆಡಿದ ಮಾತನ್ನು ಬರೆದುಕೊಳ್ಳಲು ಗುಮಾಸ್ತರು ಒಪ್ಪಿರುವುದಿಲ್ಲ.

2. ಫ್ಯೂಸನ್ನೇ ಕಿತ್ತು ನೋಡಲಾಗಿ, ದೀಪದ ಜೊತೆಗೆ ಹಾರ್ನಿನ ಬಾಯಿಯೂ ಕಟ್ಟಿಹೋಯಿತು. ಅಂತಹ ಸಂದರ್ಭದಲ್ಲಿ ಚಾಲಕಿಯು ಕಿಟಕಿಯಿಂದ ತಲೆ ಹೊರಹಾಕಿ, ಬಾಯಿಯಿಂದಲೇ ಹಾರ್ನು ಮಾಡತಕ್ಕದ್ದು. ‘ಪೀಂ’ ಎಂಬ ಸದ್ದಿಗೆ ಮಾತ್ರ ಅನುಮತಿ ಇದೆ. ‘ಪೋಂ’ ಎಂಬುದು ಮೇಲಧಿಕಾರಿಗಳ ವಾಹನಕ್ಕೆ ಮೀಸಲು. ಕೆಮ್ಮು ಇರುವ ದಿನ ವೈದ್ಯರ ಪ್ರಮಾಣಪತ್ರವನ್ನು ಎದುರಿಗೆ ಬರುವ ವಾಹನಕ್ಕೆ ತೋರಿಸತಕ್ಕದ್ದು.

3. ಹಗಲುದೀಪ ಉರಿಯದ ವಾಹನವು ರಸ್ತೆಗಿಳಿಯಕೂಡದೆಂದು ಕೊಠಡಿ 4ರ ಸುರಕ್ಷತಾ ಶಾಖೆಯು ತಿಳಿಸಿರುತ್ತದೆ. ಕೊಠಡಿ 3 ಮತ್ತು 4ರ ನಡುವೆ ಮಾತುಕತೆ ನಿಂತು ಎರಡು ವರ್ಷಗಳಾಗಿರುವುದರಿಂದ (ಕಾರಣ: ಫ್ಯಾನು), ವ್ಯಾನು ಕೊಠಡಿ 3ರ ಎದುರು ಹಾಯುವಾಗ ದೀಪ ಆರಿರತಕ್ಕದ್ದು, 4ರ ಎದುರು ಹಾಯುವಾಗ ಉರಿಯತಕ್ಕದ್ದು. ನಡುವಿನ ಒಂಬತ್ತು ಅಂಗುಲದ ಗೋಡೆಯ ಎದುರು ಏನು ಮಾಡಬೇಕೆಂಬುದು ಚಾಲಕಿಯ ವಿವೇಚನೆಗೆ ಬಿಟ್ಟದ್ದು. ಕಾರಣವನ್ನು ಲಿಖಿತವಾಗಿ, ಹಾಯುತ್ತಿರುವಾಗಲೇ ಸಲ್ಲಿಸತಕ್ಕದ್ದು.

4. ಮೇಲಿನ ಯಾವುದೂ ಸಾಧ್ಯವಾಗದಿದ್ದಲ್ಲಿ ಹಗಲುದೀಪವನ್ನು ಇಲಾಖೆಯ ಕಂದು ಲಕೋಟೆಯೊಳಗೆ ಹಾಕಿ, ಅರಗಿನ ಮೊಹರು ಒತ್ತಿ, ಮೇಲೆ ‘ಗೌಪ್ಯ’ ಎಂದು ಬರೆಯತಕ್ಕದ್ದು. ಲಕೋಟೆಯೊಳಗೆ ದೀಪ ಉರಿಯುತ್ತಿದೆಯೇ ಎಂದು ಯಾರೂ ಇಣುಕಕೂಡದು. ಇಣುಕಿದ್ದು ಕಂಡವರು, ತಾವು ಅತ್ತ ನೋಡುತ್ತಿದ್ದುದೇಕೆಂದು ವಿವರಣೆ ನೀಡತಕ್ಕದ್ದು.

5. ಹಗಲಿನಲ್ಲಿ ಹೊಳೆಯುವ ಇತರ ವಸ್ತುಗಳಿಗೂ ಈ ನಿಯಮ ಅನ್ವಯಿಸುತ್ತದೆ. ಲೆಕ್ಕಪತ್ರ ಶಾಖೆಯ ಹಿರಿಯ ಗುಮಾಸ್ತರು ಕೊಠಡಿ 3ರ ಕಿಟಕಿ ದಾಟುವಾಗ ತಲೆಗೆ ಕಡತ ಹಿಡಿದುಕೊಳ್ಳತಕ್ಕದ್ದು. ಕಡತ ಖಾಲಿಯಿದ್ದರೂ ನಡೆಯುತ್ತದೆ. ಬಹುತೇಕ ಹಾಗೆಯೇ ಇರುತ್ತದೆ.

6. ಈ ನಿಯಮಗಳನ್ನು ಕೇಳಿ ತಮ್ಮನು ಸ್ಪ್ಯಾನರನ್ನು ಮೇಜಿನ ಮೇಲೆ ಕುಕ್ಕಿ, “ಗೇಟು ಹೊಡೆದಿದ್ದು ನಿಮ್ದು, ಕಣ್ಣು ಕುಕ್ಕಿದ್ದು ನಿಮ್ಗೆ, ಸರಪಳಿ ಮಾತ್ರ ನಮ್ಮಕ್ಕನ ಗಾಡಿಗಾ?” ಎಂದು ಕೇಳಿದ್ದು ಮೇಲಧಿಕಾರಿಗಳ ಗಮನಕ್ಕೆ ಬಂದಿದೆ. ಮಾನ್ಯರು ಸಮಾಧಾನದಿಂದಲೇ, “ಎಂಟನೇ ಕ್ಲಾಸು ನೀನು, ನನಗೆ ಪಾಠ ಹೇಳ್ತೀಯೇನಯ್ಯಾ? ಮೊದಲು ಸುತ್ತೋಲೇನ ಪೂರ್ತಿ ಓದು. ಅರ್ಥ ಮಾಡ್ಕೋ. ಆಮೇಲೆ ಬಾಯಿ ಬಿಡು” ಎಂದು ಮಾರ್ಗದರ್ಶನ ನೀಡಿರುತ್ತಾರೆ. ಇಡೀ ಶಾಖೆ ನಕ್ಕಿತು. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ತಮ್ಮನು ಸ್ಪ್ಯಾನರನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡನು.

7. ಮಾನ್ಯರ ಸದರಿ ಮಾತನ್ನೇ ನಿಯಮವನ್ನಾಗಿ ಈ ಮೂಲಕ ಸೇರಿಸಲಾಗಿದೆ. ಅಂದರೆ, ಸುತ್ತೋಲೆಯ ಪ್ರತಿ ತಲುಪಿದ ನಲವತ್ತೆರಡು ಮಂದಿಯೂ ಇದನ್ನು ಪೂರ್ತಿ ಓದಿ, ಅರ್ಥ ಮಾಡಿಕೊಂಡು, ಸ್ವೀಕೃತಿಗೆ ಸಹಿ ಹಾಕಿ ಹಿಂದಿರುಗಿಸಿದ ದಿನದಿಂದಷ್ಟೇ ಈ ಸುತ್ತೋಲೆ ಜಾರಿಗೆ ಬರತಕ್ಕದ್ದು. ಅರ್ಥವಾಗದೆ ಸಹಿ ಹಾಕುವುದು ಶಿಕ್ಷಾರ್ಹ.

8. ಸುತ್ತೋಲೆಯನ್ನು ಹಂಚಲು ಇಲಾಖೆಯ ಬಳಿ ಸರಪಳಿ ಹಾಕಿರುವ ವ್ಯಾನಿನ ಹೊರತು ಬೇರೆ ಟಪಾಲು ವಾಹನ ಇರುವುದಿಲ್ಲ. ಆದ್ದರಿಂದ ಸದರಿ ವ್ಯಾನನ್ನು, ಇದ್ದ ದೀಪ ಇದ್ದಂತೆಯೇ, ಈ ಸುತ್ತೋಲೆ ಜಾರಿಗೆ ಬರುವ ದಿನದವರೆಗೆ ಮಾತ್ರ ತಾತ್ಕಾಲಿಕವಾಗಿ ಬಿಡುಗಡೆ ಮಾಡಲಾಗಿದೆ. ಅಲ್ಲಿಯವರೆಗೆ ಟಪಾಲಿನ ಕೆಲಸವೂ ಅಕ್ಕನದ್ದೇ.

(ಸಹಿ ಓದಲಾಗುತ್ತಿಲ್ಲ)
ಮೇಲಧಿಕಾರಿಗಳ ಪರವಾಗಿ
(ಮಾನ್ಯರು ಕಡತ ಪರಿಶೀಲನೆಯಲ್ಲಿದ್ದಾರೆ, ಕೂಗಬಾರದು)

ಪ್ರತಿಗಳು:

1 ರಿಂದ 41: ಎಲ್ಲ ಉಪಕಚೇರಿಗಳಿಗೆ. (ಷರಾ: ಎರಡೇ ದಿನದಲ್ಲಿ ಎಲ್ಲರೂ ಓದಿ ಅರ್ಥಮಾಡಿಕೊಂಡಿದ್ದಾರೆ. ಹದಿಮೂರು ಲಕೋಟೆಗಳು ಒಡೆಯದೆಯೇ ಸಹಿಯಾಗಿ ಬಂದಿವೆ.)

ಕೊಠಡಿ 4ಕ್ಕೆ: ಕಳುಹಿಸಿರುವುದಿಲ್ಲ.

ಗೇಟಿಗೆ: ಅಂಟಿಸಲಾಗಿದೆ.

42: ಅಕ್ಕನ ತಮ್ಮ, ಮೆಕ್ಯಾನಿಕ್ ಇವರಿಗೆ, ಓದಿ ಅರ್ಥಮಾಡಿಕೊಂಡು ಸಹಿಯೊಂದಿಗೆ ಹಿಂದಿರುಗಿಸಲು. (ಷರಾ, ಹನ್ನೊಂದು ತಿಂಗಳ ನಂತರ: ಸ್ವೀಕೃತಿ ಬಂದಿಲ್ಲ. ಏಳನೇ ಜ್ಞಾಪನಕ್ಕೆ ಬಲ್ಬಿನ ಡಬ್ಬಿಯ ರಟ್ಟಿನ ಮೇಲೆ ಬಂದ ಉತ್ತರವನ್ನು ಯಥಾವತ್ತಾಗಿ ಲಗತ್ತಿಸಿದೆ: “ಸಾರ್, ತಾವು ಹೇಳಿದ ಹಾಗೇ ಮೊದಲು ಓದ್ತಾ ಇದೀನಿ. ಎಂಟನೇ ಕ್ಲಾಸು ನೋಡಿ, ನಿಧಾನ. ಎರಡನೇ ಕಲಮಿಗೆ ಬಂದಿದೀನಿ; ‘ಪೀಂ’ ಅಂದ್ರೇನು ಅಂತ ಇನ್ನೂ ಅರ್ಥ ಆಗಿಲ್ಲ. ಅರ್ಥ ಆಗದೆ ಸಹಿ ಹಾಕಿದ್ರೆ ತಪ್ಪಲ್ವಾ ಸಾರ್. ಈ ರಟ್ಟನ್ನ ಅಕ್ಕನ ಕೈಲೇ ಕಳಿಸ್ತಾ ಇದೀನಿ. ಬೆಳ್ಳಗೆ ಹುಬ್ಬು ಕಂಡ ತಕ್ಷಣ ಯಾರಿಗಾದ್ರೂ ಹೇಳಿ, ಗೇಟು ಹಿಡ್ಕೊಳ್ಳಲಿ.”)