ಪಾಲಾಗದೆ ಉಳಿದ ಎಂಜಿನ್

ಎಂಜಿನ್ ತಾನಾಗಿ ಕೆಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ. ನಂಜನಗೂಡಿನ ನನ್ನ ರಿಪೇರಿ ಅಂಗಡಿಗೆ ಬರುವುದೆಲ್ಲ ಯಾರೋ ಕೆಡಿಸಿದ್ದೇ. ಅದರಲ್ಲೂ ತೊಂಬತ್ತರ ದಶಕದಲ್ಲಿ ಹುಲ್ಲಹಳ್ಳಿ ಕಡೆಯ ಅಣ್ಣತಮ್ಮಂದಿರಿಬ್ಬರು ನನ್ನ ತಲೆ ತಿಂದಷ್ಟು ಇನ್ಯಾರೂ ತಿಂದಿಲ್ಲ. ಮನೆ, ಗದ್ದೆ, ಹಸು ಎಲ್ಲ ಪಾಲಾಗಿತ್ತು. ಕಾಲುವೆಯಿಂದ ಎತ್ತರದ ಗದ್ದೆಗೆ ನೀರೆತ್ತುವ ಚಿಕ್ಕ ಪೆಟ್ರೋಲ್ ಎಂಜಿನ್ ಒಂದು ಮಾತ್ರ ಇಬ್ಬರಿಗೂ ಸೇರಿದ್ದು. ಒಂದು ದಿನ ಅಣ್ಣನದು, ಮರುದಿನ ತಮ್ಮನದು.

೧. ವಿಭೂತಿ

ಆಯುಧಪೂಜೆ ಮುಗಿದ ಮಾರನೆಯ ದಿನ ಅಣ್ಣ ಬಂದ. ಎಂಜಿನ್ ಕೆಮ್ಮುತ್ತಿತ್ತು. ಏರ್ ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ವಿಭೂತಿ.

"ಇದೇನಯ್ಯ?"

"ಒರಗಡೆ ಅಚ್ಚುದ್ರೆ ಒರೆಸೋಯ್ತದೆ ಸಾ. ನೀವೇ ಯೋಳಿದ್ರಲ್ಲ, ಎಂಜಿನ್ ಉಸ್ರಾಡೋದು ಇಲ್ಲೇ ಅಂತ. ಅದ್ಕೇ ಅಲ್ಲಿಗೇ ಆಕ್ದೆ."

"ಒಳಗೆ ಧೂಳು ಹೋಗಬಾರದು ಅಂತಲೂ ಹೇಳಿದ್ದೆನಲ್ಲ!"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಇಬೂತಿ ದೂಳಾ ಸಾ?"

೨. ಪ್ಲಗ್

ತನ್ನ ಸರದಿ ಮುಗಿದ ಸಂಜೆ ಅಣ್ಣ ತಾನು ಕೊಂಡಿದ್ದ ಸ್ಪಾರ್ಕ್ ಪ್ಲಗ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ತಮ್ಮ ಸುಮ್ಮನಿರುತ್ತಾನೆಯೇ? ತನ್ನದೇ ಒಂದು ಪ್ಲಗ್ ಕೊಂಡ. ಸಂಜೆಗೆ ಅವನೂ ಅದನ್ನು ಬಿಚ್ಚಿಕೊಂಡು ಹೋದ. ಬಾಯಿ ತೆರೆದುಕೊಂಡಿದ್ದ ತೂತಿನೊಳಗೆ ಕಸ ಬಿದ್ದು ಎಂಜಿನ್ ಮತ್ತೆ ನನ್ನ ಮುಂದೆ.

"ಬಿಚ್ಚಿದ ಮೇಲೆ ತೂತಿಗೊಂದು ಬಟ್ಟೆ ಮುಚ್ಚೋಕೆ ಏನಾಗಿತ್ತಯ್ಯ?" ಎಂದು ತಮ್ಮನನ್ನು ಕೇಳಿದೆ.

"ನಾ ಯಾಕ್ ಮುಚ್ಲಿ ಸಾ? ಮಾರ್ನೆ ದಿನ ಅವುಂದು."

೩. ಆಯಿಲ್

ನಾಟಿ ಆಗಿತ್ತು. ಕಾಲುವೆಯಲ್ಲಿ ನೀರಿರುವಾಗಲೇ ಹಾಯಿಸದಿದ್ದರೆ ಇಬ್ಬರ ಪೈರೂ ಹೋಗುತ್ತದೆ. ನಾನು ಸರ್ವೀಸ್ ಮಾಡಿ, "ಆಯಿಲ್ ಕಮ್ಮಿಯಾಗದಂಗೆ ನೋಡ್ಕೊಳ್ಳಿ, ಸಾಕು" ಎಂದು ಕಳಿಸಿದ್ದೆ. ಕೆಲವೇ ದಿನಕ್ಕೆ ಎಂಜಿನ್ ಎತ್ತಿನ ಗಾಡಿಯ ಮೇಲೆ ವಾಪಸ್, ಜೊತೆಗೆ ಇಬ್ಬರೂ. ಪಿಸ್ಟನ್ ಕಚ್ಚಿಕೊಂಡಿತ್ತು. ಒಳಗೆ ಒಂದು ಹನಿ ಆಯಿಲ್ ಇರಲಿಲ್ಲ.

"ಕಮ್ಮಿ ಆಗಿತ್ತು, ನಾ ತಂದ್ ಆಕ್ದೆ," ಅಂದ ಅಣ್ಣ. "ನಾ ತಂದಿದ್ ಆಯ್ಲ ಅವ್ನ್ ಯಾಕ್ ಉರಿಸ್ಬೇಕು ಸಾ? ಸಂಜೆ ಡಬ್ಬುಕ್ ಇಳ್ಸ್ಕಂಡ್ ಮನೆಗ್ ಒಯ್ದೆ."

"ನಂಗೇನ್ ಗೊತ್ತು? ಆಕಿದ್ದು ಒಳಗೇ ಇರ್ತದೆ ಅನ್ಕಂಡು ಓಡುಸ್ದೆ," ಅಂದ ತಮ್ಮ.

ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಡಿದೆ. ಆದರೆ ಪೈರು ಏನು ತಪ್ಪು ಮಾಡಿತ್ತು? ಬೇರೆ ಕೆಲಸವೆಲ್ಲ ಬದಿಗಿಟ್ಟು ಹೊಸ ಪಿಸ್ಟನ್ ಕೂರಿಸಿ ಸಂಜೆಯೊಳಗೆ ಎಂಜಿನ್ ಎಬ್ಬಿಸಿದೆ. ಇನ್ನೊಂದು ಸಲ ಆಯಿಲ್ ಇಳಿಸಿದರೆ ಅಂಗಡಿ ಮೆಟ್ಟಿಲು ಹತ್ತಬೇಡಿ ಎಂದು ಇಬ್ಬರಿಗೂ ಬೈದೆ.

"ಇಲ್ಲ ಸಾ, ಇನ್ಮ್ಯಾಕೆ ಇಬ್ರುದ್ದೂ ಒಳಗೇ ಇರ್ಲಿ," ಎಂದು ಅಣ್ಣ ಹೇಳಿದ. ತಮ್ಮನೂ ತಲೆಯಾಡಿಸಿದ. ಕೊನೆಗೂ ಬುದ್ಧಿ ಬಂತಲ್ಲ ಎಂದು ನನಗೆ ನಿಜಕ್ಕೂ ಸಮಾಧಾನವಾಯಿತು.

ತಮ್ಮ ಗಾಡಿ ಹೊಡೆದ. ಸ್ವಲ್ಪ ದೂರ ಹೋದ ಮೇಲೆ ಅಣ್ಣ ಗಾಡಿಯಿಂದ ಇಳಿದು ವಾಪಸ್ ಬಂದು ನನ್ನ ಕಿವಿಯ ಹತ್ತಿರ ಕೇಳಿದ:

"ಸಾ, ನಂದ್ಯಾವ್ದು, ಅವುಂದ್ಯಾವ್ದು ಅಂತ ಗೊತ್ತಾಗೋ ಅಂಗೆ ಬ್ಯಾರೆ ಬ್ಯಾರೆ ಬಣ್ಣದ್ ಆಯ್ಲ್ ಸಿಕ್ತದಾ?"