ದಿಂಬು ಹಿಡಿದು ನೋಡಿದ ಕಾಮಿಡಿ

ಅಳಲು ಹೊರಟಾಗ ನಮ್ಮ ಮನೆ ಮಂದಿಗೆ ಇವತ್ತಿನವರೆಗೂ ಯಾವ ಅಡಚಣೆಯೂ ಬಂದಿಲ್ಲ. ನಗಲು ಹೊರಟಾಗ ಮಾತ್ರ ದಾರಿಯಲ್ಲಿ ಏನಾದರೊಂದು ಅಡ್ಡ ನಿಂತೇ ಇರುತ್ತದೆ. ಈ ಬೇಸಿಗೆಯಲ್ಲೂ ಹಾಗೇ ಆಯಿತು.

ನನ್ನ ಅಕ್ಕ ಮಾನ್ವಿಯಲ್ಲಿ ಅಂಗನವಾಡಿ ಟೀಚರು. ಅವಳಿಗೆ ರಾಯಚೂರಿನಲ್ಲಿ ಗರ್ಭಚೀಲದ ಆಪರೇಷನ್ ಆಯಿತು. ಬಾವ ದೂರದ ಊರಲ್ಲಿ ಕೆಲಸದಲ್ಲಿದ್ದ, ನಾನು ಇಲ್ಲೇ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿರುವವಳು, ಹಾಗಾಗಿ ಆಸ್ಪತ್ರೆಯಿಂದ ಸೀದಾ ನನ್ನ ಮನೆಗೇ ಬಂದು ಮಲಗಿದಳು. ಒಳಗಿಂದ ತೆಗೆದ ಗಡ್ಡೆಯನ್ನು ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದ್ದರು. ಅದು ಸಾದಾ ಗಡ್ಡೆಯೋ, ಹೆಸರು ಹೇಳಲು ಹೆದರುವಂಥ ಗಡ್ಡೆಯೋ ಎಂಬ ಸುದ್ದಿ ಅಲ್ಲಿಂದ ಬರಬೇಕಿತ್ತು.

ಅದೇ ಹೊತ್ತಿಗೆ ಆ ಟೇಲರ್-ಗಿರಾಕಿ ಜೋಡಿ ನಮ್ಮ ಕಡೆ ಪ್ರವಾಸ ಹೊರಟಿತು. ವರ್ಷಗಳ ಹಿಂದೆ ವಾರಕ್ಕೊಮ್ಮೆ ಟಿವಿಯಲ್ಲಿ ಬರುತ್ತಿದ್ದ ಇಬ್ಬರು ಕಾಮಿಡಿ ನಟರು. ಗಿರಾಕಿ ತನ್ನ ಮದುವೆಗೆಂದು ಸೂಟು ಹೊಲಿಯಲು ಕೊಟ್ಟಿದ್ದಾನೆ. ಮದುವೆಯಾಗಿ, ಮಕ್ಕಳಾಗಿ, ಮಗಳ ಮದುವೆ ಬಂದರೂ ಸೂಟು ಬಂದಿಲ್ಲ. ಅವನು ವಾರ ವಾರ ಬಂದು ಕೇಳುತ್ತಾನೆ, ಟೇಲರ್ ಮಷಿನ್ನಿನಿಂದ ತಲೆ ಎತ್ತದೆ ಅನ್ನುತ್ತಾನೆ: "ನಾಳಿ ಬರ್ರಿ, ಗುಂಡಿ ಒಂದು ಹಚ್ಚೂದದ." ಅಷ್ಟೇ ಕಥೆ. ನಮ್ಮ ಕಡೆ ಇವತ್ತಿಗೂ ಬಸ್ಸು ತಡವಾದರೆ, ಬೀಗರು ತಡ ಮಾಡಿದರೆ, ಸಂಬಳ ತಡವಾದರೆ ಯಾರಾದರೂ ಒಬ್ಬರು "ಗುಂಡಿ ಒಂದು ಹಚ್ಚೂದದ" ಅನ್ನುತ್ತಾರೆ.

ಮೊದಲು ರಾಯಚೂರು, ಆಮೇಲೆ ದೇವದುರ್ಗ, ಕಡೆಗೆ ಮಾನ್ವಿ ಅಂತ ಪೋಸ್ಟರ್ ಹಚ್ಚಿದ್ದರು. ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು ಹೇಳಿದಳು: "ರಿಪೋರ್ಟ್ ಬರೂದ್ರೊಳಗ ಒಮ್ಮೆ ನಗಬೇಕು ಲೇ. ಬಂದ ಮ್ಯಾಲ ನಗು ಬರ್ತದೋ ಇಲ್ಲೋ."

೧. ಬ್ಯಾಡ ಅನ್ನುವ ಭಾಗ್ಯ

ತೊಂದರೆ ಏನೆಂದರೆ ಆಪರೇಷನ್ ಮಾಡಿದ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಅವಳಿಗೆ ನಗಬೇಡ ಅಂದಿದ್ದರು.

"ಕೊಡ ಎತ್ತಬ್ಯಾಡ್ರಿ. ಮೆಟ್ಲ ಹತ್ತಬ್ಯಾಡ್ರಿ. ಕೆಮ್ಮಬ್ಯಾಡ್ರಿ. ಜೋರಾಗಿ ನಗಬ್ಯಾಡ್ರಿ. ಹೊಲಿಗಿ ಹಸಿ ಅದ."

"ತಡ್ಯಾಕಾಗಲಾರದ ನಗು ಬಂದ್ರ?"

"ದಿಂಬು ಹೊಟ್ಟಿಗೆ ಒತ್ತಿ ಹಿಡ್ಕೊಳ್ರಿ. ಅಷ್ಟು ನಗೂದು ಏನದ ಈಗ?"

ಬೇರೆಯವರಾದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಅಕ್ಕ ಖುಷಿಯಾದಳು. ಅದಕ್ಕೆ ಕಾರಣ ಇದೆ. ನಮ್ಮಪ್ಪ ಜೀವಮಾನವೆಲ್ಲ ಕಂಡವರ ಹೊಲದಲ್ಲಿ ದುಡಿದು ನಮ್ಮಿಬ್ಬರನ್ನು ಓದಿಸಿದವನು. ಕಾಯಿಲೆ ಬಿದ್ದಾಗ ಡಾಕ್ಟರು ಮೊದಮೊದಲು ಖಾರ ಬೇಡ, ಎಣ್ಣೆ ಬೇಡ, ಬೀಡಿ ಬೇಡ ಅನ್ನುತ್ತಿದ್ದರು. ಒಂದು ದಿನ ಅವನ ಬೆನ್ನು ಸವರಿ, "ಏನ್ ಕೇಳ್ತಾನ ಕೊಡ್ರಿ" ಅಂದರು. ನಾವು ತಿಳಿಗೇಡಿಗಳು, ಆರಾಮಾದ ಅಂತ ಮಿರ್ಚಿ ಭಜಿ ತಂದು ಕೊಟ್ಟು ಸಂಭ್ರಮಪಟ್ಟೆವು. ಆ ವಾರವೇ ಅಪ್ಪ ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಡಾಕ್ಟರ ಬಾಯಿಂದ ಬರುವ "ಬ್ಯಾಡ" ಎಂದರೆ ಆಶೀರ್ವಾದ. "ಏನ್ ಬೇಕಾದ್ರೂ ಮಾಡ್ರಿ" ಎಂದರೆ ಮುಗಿಯಿತು, ಬಂಧುಗಳಿಗೆ ಫೋನು ಮಾಡಬೇಕು.

ಕ್ಲಿನಿಕ್ಕಿನಿಂದ ಹೊರಗೆ ಬಂದು ಆಟೋ ಹತ್ತುತ್ತ ಅಕ್ಕ ಗೊಣಗಿದಳು: "ಇನ್ನೊಂದೆರಡು ಬ್ಯಾಡ ಅಂದಿದ್ರ ಸಮಾಧಾನ ಆಗ್ತಿತ್ತು. ಕೈ ಬಿಗಿ, ಈ ಮನಷ್ಯಾಂದು."

೨. ಕೂಸು

ರಾಯಚೂರಿನ ರಂಗಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಫ್ಯಾನುಗಳು ಬಿಸಿ ಗಾಳಿಯನ್ನೇ ತಿರುಗಿಸಿ ತಿರುಗಿಸಿ ನಮಗೆ ಕೊಡುತ್ತಿದ್ದವು. ಅಕ್ಕ ಹಳೆಯ ಚಾದರದಲ್ಲಿ ದಿಂಬು ಸುತ್ತಿ ಎದೆಗವಚಿಕೊಂಡು ಮೂರನೇ ಸಾಲಿನಲ್ಲಿ ಕೂತಳು.

ಮೊದಲು ಸ್ವಾಗತ, ಆಮೇಲೆ ದೀಪ, ಆಮೇಲೆ ಸನ್ಮಾನ. ಆ ಸೆಕೆಯಲ್ಲಿ ಟೇಲರನಿಗೂ ಗಿರಾಕಿಗೂ ಒಂದರ ಮೇಲೊಂದು ಶಾಲು ಹೊದಿಸಿದರು. ಕಡೆಗೆ ಶಾಲಿನ ರಾಶಿಯೊಳಗಿಂದ ಎರಡು ಬೆವೆತ ಮುಖ ಮಾತ್ರ ಕಾಣುತ್ತಿದ್ದವು.

ಆಟ ಶುರುವಾಯಿತು. ಗಿರಾಕಿ ಒಳಗೆ ಬಂದು, "ಏನ್ರಿ, ಸೂಟು..." ಅನ್ನುವಷ್ಟರಲ್ಲಿ ಇಡೀ ರಂಗಮಂದಿರ ಒಂದೇ ದನಿಯಲ್ಲಿ, "ನಾಳಿ ಬರ್ರಿ, ಗುಂಡಿ ಒಂದು ಹಚ್ಚೂದದ" ಅಂದಿತು. ಟೇಲರ್ ತೆರೆದ ಬಾಯಿ ಮುಚ್ಚಿದ. ಮುಂದಿನ ಮಾತನ್ನೂ ಜನರೇ ಹೇಳಿದರು, ಅದರ ಮುಂದಿನದನ್ನೂ. ಬಾಲ್ಯದ ಪದ್ಯ ಒಪ್ಪಿಸುವ ಹಾಗೆ ಎಲ್ಲರೂ ಒಪ್ಪಿಸಿದರು. ಒಪ್ಪಿಸುವ ಭರದಲ್ಲಿ ನಗುವುದು ಯಾರಿಗೂ ನೆನಪಾಗಲಿಲ್ಲ. ಪಾಪ, ಟೇಲರ್ ಒಂದು ಹೊಸ ಮಾತು ಸೇರಿಸಿ ನೋಡಿದ. ಹಿಂದಿನಿಂದ ಯಾರೋ ಎದ್ದು ನಿಂತು, "ಅದು ಹಂಗಿಲ್ರಿ, ಮೊದಲ ಕತ್ರಿ ಹುಡುಕಬೇಕು ನೀವು" ಅಂತ ತಿದ್ದಿದರು. ಅವನು ಸುಮ್ಮನೆ ಕತ್ತರಿ ಹುಡುಕಿದ.

ಅಕ್ಕನ ದಿಂಬು ತೊಡೆಯ ಮೇಲೆ ಹಾಗೇ ಬಿದ್ದಿತ್ತು. ಪಕ್ಕದ ಹೆಣ್ಣುಮಗಳು ಬಹಳ ಹೊತ್ತಿನಿಂದ ಅದನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು:

"ಇಷ್ಟು ಗದ್ದಲದಾಗ ಮಲಗ್ಯದಲ್ರಿ ಕೂಸು. ಛಲೋ ಅದ."

"ಹೂನ್ರಿ, ಶಾಣ್ಯಾ ಅದ," ಅಂದು ಅಕ್ಕ ದಿಂಬನ್ನು ಮೆಲ್ಲಗೆ ತಟ್ಟಿದಳು.

"ಗಂಡೋ ಹೆಣ್ಣೋ?"

ಅಕ್ಕ ಚಾದರದ ಅಂಚು ಸರಿಸಿ ತೋರಿಸಿದಳು. "ಹತ್ತಿ ಅದರಿ."

ಆ ಹೆಣ್ಣುಮಗಳು ಎದ್ದು ಬೇರೆ ಕುರ್ಚಿಗೆ ಹೋದಳು.

೩. ಅಧ್ಯಕ್ಷರ ಅಪ್ಪಣೆ ಮೇರೆಗೆ

ದೇವದುರ್ಗಕ್ಕೆ ಬೇಡ ಅಂತ ನಾನು ಎಷ್ಟೋ ಹೇಳಿದೆ. "ರಸ್ತಿ ಕುಲುಕ್ತದ ಅಕ್ಕಾ, ಹೊಲಿಗಿ ನೋಯ್ತದ."

"ಮನ್ಯಾಗ ಕುಂತ್ರ ಬ್ಯಾರೆ ಏನರ ನೋಯ್ತದ. ನಡಿ."

ಕಾರು ಮಾಡಿಕೊಂಡು ಹೋದೆವು. ಅರಕೇರಾದ ಕಡೆಯಿಂದ ಬಂದವರು ಟ್ರ್ಯಾಕ್ಟರಿನಿಂದ ಇಳಿಯುತ್ತಿದ್ದರು. ಪೆಂಡಾಲ್ ತುಂಬಿತ್ತು. ಆದರೆ ಯಾರೂ ಮಾತಾಡುತ್ತಿರಲಿಲ್ಲ. ವಿಚಾರಿಸಿದರೆ, ಕಾರ್ಯಕ್ರಮದ ಅಧ್ಯಕ್ಷತೆ ವಹಿಸಬೇಕಿದ್ದ ಊರ ಹಿರಿಯರೊಬ್ಬರು ಬೆಳಿಗ್ಗೆ ತೀರಿಕೊಂಡಿದ್ದರು. ಕಾರ್ಯಕ್ರಮ ನಿಲ್ಲಿಸುವಂತಿಲ್ಲ, ಟಿಕೀಟು ಮಾರಿ ಆಗಿದೆ. ಅಧ್ಯಕ್ಷರಿಲ್ಲದೆ ನಡೆಸುವಂತಿಲ್ಲ, ಅವರ ಹೆಸರು ಹಾಕಿ ಆಮಂತ್ರಣ ಪತ್ರಿಕೆ ಹಂಚಿ ಆಗಿದೆ. ಹಾಗಾಗಿ ಅವರ ದೊಡ್ಡ ಫೋಟೋಕ್ಕೆ ಹಾರ ಹಾಕಿ, ಊದುಬತ್ತಿ ಹಚ್ಚಿ, ವೇದಿಕೆಯ ನಟ್ಟನಡುವೆ ಅಧ್ಯಕ್ಷರ ಕುರ್ಚಿಯ ಮೇಲೇ ಇಟ್ಟಿದ್ದರು.

ಎರಡು ನಿಮಿಷ ಮೌನ ಆಯಿತು. ಆಮೇಲೆ ನಿರೂಪಕರು ಅಭ್ಯಾಸಬಲದಿಂದ, "ಮಾನ್ಯ ಅಧ್ಯಕ್ಷರ ಅಪ್ಪಣೆ ಮೇರೆಗೆ ಈಗ ಹಾಸ್ಯ ಕಾರ್ಯಕ್ರಮ" ಅಂದರು. ಎಲ್ಲರೂ ಫೋಟೋದ ಕಡೆ ನೋಡಿದರು. ಅಧ್ಯಕ್ಷರು ಬೇಡ ಅನ್ನಲಿಲ್ಲ.

ಟೇಲರ್ ಊದುಬತ್ತಿಯ ಹೊಗೆಯಲ್ಲಿ ಮಷಿನ್ ತುಳಿದ. ಗಿರಾಕಿ ಬಂದು, "ಏನ್ರಿ, ನಾ ಸಾಯೂದ್ರೊಳಗ ಸೂಟು ಕೊಡ್ತಿರೋ ಇಲ್ಲೋ" ಅಂದ. ಟಿವಿಯಲ್ಲಿ ಮನೆ ಮನೆ ನಗಿಸಿದ ಮಾತು ಅದು. ಮುಂದಿನ ಸಾಲಿನಲ್ಲಿ ಕೂತಿದ್ದ ಅಧ್ಯಕ್ಷರ ಮಗ ಬಿಕ್ಕಿಬಿಕ್ಕಿ ಅತ್ತ. ಟೇಲರ್ ಆಟ ಬಿಟ್ಟು ಕೆಳಗಿಳಿದು, ಕೊರಳಲ್ಲಿ ಟೇಪು ಹಾಗೇ ಇಟ್ಟುಕೊಂಡು ಅವನನ್ನು ಅಪ್ಪಿ ಸಮಾಧಾನ ಮಾಡಿದ. ಇದೂ ಆಟದಲ್ಲಿದೆಯೋ ಇಲ್ಲವೋ ತಿಳಿಯದೆ ಹಿಂದಿನವರು ಚಪ್ಪಾಳೆ ತಟ್ಟಿದರು.

ಎದ್ದು ಬರುವಾಗ ಅಕ್ಕ ಫೋಟೋಕ್ಕೆ ಕೈಮುಗಿದು ಅಂದಳು, "ಇಡೀ ಸ್ಟೇಜಿನ ಮ್ಯಾಲ ನಗುಮುಖ ಇದ್ದದ್ದು ಇವರೊಬ್ಬರದ."

೪. ರೆಡಿಮೇಡ್

ಊರ ಹೊರಗಿನ ಚಹಾದಂಗಡಿಯಲ್ಲಿ ಗಾಡಿ ನಿಲ್ಲಿಸಿದರೆ, ಅಲ್ಲಿ ಗಿರಾಕಿ ಒಬ್ಬನೇ ಬೆಂಚಿನ ಮೇಲೆ ಕೂತಿದ್ದ. ಟೇಲರ್ ಅವರ ವ್ಯಾನಿನಲ್ಲಿ ಮಲಗಿದ್ದನಂತೆ. ಅಂಗಿಯ ತೋಳು ಬೆರಳು ದಾಟಿ ಬಂದಿತ್ತು, ಮಡಚಿ ಮಡಚಿ ಚಹಾ ಕುಡಿಯುತ್ತಿದ್ದ. ಅಕ್ಕ ಹೋಗಿ ಎದುರಿಗೆ ಕೂತಳು.

"ನಿಜವಾಗ್ಲೂ ಸೂಟು ಬರ್ಲೇ ಇಲ್ಲೇನ್ರಿ ಅಣ್ಣಾ?"

"ಸೂಟು ಬಿಡ್ರಿ ಅಕ್ಕಾರ. ಒಂದು ಸಾದಾ ಅಂಗಿ ಹೊಲಿಸಾಕ ಆಗವಲ್ದು. ಯಾವ ಟೇಲರ್ ಕಡೆ ಹೋದ್ರೂ ನನ್ನ ಮುಖ ನೋಡಿ ನಗ್ತಾನ, ನಾಳಿ ಬರ್ರಿ ಅಂತಾನ. ಅವಂಗ ಅದು ಹಾಸ್ಯ. ರೆಡಿಮೇಡ್ ತೊಗೊಂಡ್ರ ನನಗೊಂದೂ ಹೊಂದೂದಿಲ್ಲ."

"ನನ್ನ ರಿಪೋರ್ಟೂ ಹಂಗ ಅದರಿ. ಫೋನ್ ಮಾಡಿದ್ರ ನಾಳಿ ಮಾಡ್ರಿ ಅಂತಾರ."

ಯಾವ ರಿಪೋರ್ಟು ಅಂತ ಅವನು ಕೇಳಲಿಲ್ಲ. ದಿಂಬು ನೋಡಿದ, ಅವಳ ಮುಖ ನೋಡಿದ. ಲೋಟ ಕೆಳಗಿಟ್ಟು ಹೇಳಿದ: "ತಡ ಆದ್ರೂ ಒಂದು ಛಲೋ ಅದರಿ. ಸೂಟು ಕೈಗೆ ಬಂದಿದ್ರ ನಮ್ಮ ಆಟ ಆವತ್ತ ಮುಗೀತಿತ್ತು."

ಕಾರಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅಳುತ್ತಿದ್ದಾಳೇನೋ ಅಂತ ಕೈ ಹಿಡಿದೆ.

"ಅಲ್ಲ ಲೇ," ಅಂದಳು, "ಅವಂಗ ಹೆಂಡ್ತಿ ಇಲ್ಲೇನು? ಆ ತೋಳು ಒಂದೀಟು ಮಡಚಿ ಹೊಲಿಗಿ ಹಾಕೂದು ಎಷ್ಟೊತ್ತಿನ ಕೆಲಸ."

೫. ಅಲುಗಾಡದ ಅತಿಥಿ

ಮಾನ್ವಿಯ ಆಟ ಇದ್ದ ದಿನ ಮಧ್ಯಾಹ್ನ ಕ್ಲಿನಿಕ್ಕಿನ ನರ್ಸಮ್ಮ ಫೋನಿನಲ್ಲಿ ಹೇಳಿದಳು: "ರಿಪೋರ್ಟ್ ಬಂದದರಿ. ಡಾಕ್ಟರ್ ನೋಡ್ಯಾರ. ನಾಳಿ ಬರ್ರಿ, ಅವರೇ ಹೇಳ್ತಾರ."

ಇವತ್ತು ಆಟ ಬೇಡ ಅಂದೆ. "ಇವತ್ತ ಬೇಕು" ಅಂದಳು.

ಕಲ್ಯಾಣ ಮಂಟಪದಲ್ಲಿ ಹೋಗಿ ಕೂತು ವೇದಿಕೆ ನೋಡಿದರೆ, ಮದುಮಕ್ಕಳು ಕೂರುವ ಕೆಂಪು ಮಖಮಲ್ಲಿನ ಕುರ್ಚಿಯ ಮೇಲೆ ಮುಖ್ಯ ಅತಿಥಿಯಾಗಿ ನಮ್ಮ ಡಾಕ್ಟರೇ ಕೂತಿದ್ದಾರೆ. ಮಾನ್ವಿಯವರಂತೆ. ಊರ ಮಗನಿಗೆ ಸನ್ಮಾನ.

ಡಾಕ್ಟರು ಮೈಕು ಹಿಡಿದು, "ನಗು ದೊಡ್ಡ ಔಷಧ. ಎಲ್ಲಾರೂ ಹೊಟ್ಟಿ ಹುಣ್ಣಾಗೂ ಹಂಗ ನಗ್ರಿ" ಅಂದರು.

ಅಕ್ಕ ನನ್ನ ಕಡೆ ಬಾಗಿದಳು. "ಎಲ್ಲಾರೂ ಅಂದ್ರಲ್ಲ ಲೇ. ಮೊನ್ನಿ ನನಗ ಬ್ಯಾಡ ಅಂದವ್ರು ಇವತ್ತ ನಗ್ರಿ ಅಂತಾರ."

"ಅದು ಭಾಷಣ ಅಕ್ಕಾ."

"ಅಪ್ಪಗ ಏನ್ ಕೇಳ್ತಾನ ಕೊಡ್ರಿ ಅಂದದ್ದೂ ಹಂಗ."

ಆಟ ಶುರುವಾಯಿತು. ಮಾನ್ವಿ ಜನ ಒಪ್ಪಿಸಲಿಲ್ಲ, ನಕ್ಕರು. ಮಲ್ಲಟದಿಂದ ಬಂದಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಗದವರು ಇಡೀ ಮಂಟಪದಲ್ಲಿ ಇಬ್ಬರೇ. ಡಾಕ್ಟರು ಕಲ್ಲಿನ ಹಾಗೆ ಕೂತಿದ್ದರು. ತುಟಿ ಅಲುಗಲಿಲ್ಲ, ಭುಜ ಅಲುಗಲಿಲ್ಲ. ಅಕ್ಕ ಟೇಲರನನ್ನು ನೋಡಲೇ ಇಲ್ಲ, ಡಾಕ್ಟರ ಮುಖವನ್ನೇ ನೋಡುತ್ತಿದ್ದಳು.

"ನೋಡು, ಒಮ್ಮೆನೂ ನಗವಲ್ರು. ನನ್ನನ್ನ ನೋಡ್ಯಾರ. ಹೆಂಗ ಹೇಳ್ಲಿ ಅಂತ ವಿಚಾರ ಮಾಡಾಕತ್ಯಾರ."

ನನಗೂ ಹಾಗೇ ಅನ್ನಿಸತೊಡಗಿತ್ತು.

ಕಡೆಗೆ ಟೇಲರ್ ಮೈಕು ಹಿಡಿದು ಜನರ ನಡುವೆ ಇಳಿದ. "ಯಾರ್ಯಾರ ಬಟ್ಟಿ ಬಾಕಿ ಅವ, ಕೇಳ್ರಿ." ನಾನು ತಡೆಯುವಷ್ಟರಲ್ಲಿ ಅಕ್ಕ ದಿಂಬು ಹಿಡಿದು ಎದ್ದು ನಿಂತು ಮೈಕು ಇಸಿದುಕೊಂಡಳು.

"ಬಟ್ಟಿ ಅಲ್ರಿ. ಡಾಕ್ಟರ್ ಸಾಹೇಬ್ರಿಗೆ ಒಂದು ಮಾತು ಕೇಳೂದದ. ಎಲ್ಲಾರೂ ನಗ್ರಿ ಅಂದ್ರಲ್ರಿ. ನಾನೂ ನಗ್ಲೇನು?"

ಡಾಕ್ಟರು ಕುತ್ತಿಗೆ ಮಾತ್ರ ತಿರುಗಿಸಿ ನೋಡಿದರು. ಗುರುತು ಸಿಕ್ಕಿದ ಕೂಡಲೇ ಮುಖ ಕೆಂಪಾಯಿತು.

"ನೀವಾ? ನಿಮ್ಮನ್ನ ಯಾರು ಇಲ್ಲಿಗೆ ಕರ್ಕೊಂಡು ಬಂದ್ರು? ರಾಯಚೂರಿಂದ ಇಷ್ಟು ದೂರ ಕುಲುಕ್ಕೊಂತ ಬಂದೀರಾ? ನಗಬ್ಯಾಡ್ರಿ. ನೀವೊಬ್ರು ನಗಬ್ಯಾಡ್ರಿ. ಕುಂದರ್ರಿ ಮೊದಲ. ಹೊಲಿಗಿ ಹರಕೊಂಡು ಬಂದ್ರ ನಾ ಮತ್ತ ಹೊಲಿಯಾಂವಲ್ಲ."

ಟೇಲರ್ ಅಕ್ಕನ ಕೈಯಿಂದ ಮೈಕು ತೆಗೆದುಕೊಂಡ. "ಚಿಂತಿ ಬ್ಯಾಡ್ರಿ ಅಕ್ಕಾರ, ಹೊಲಿಗಿ ನನಗ ಕೊಡ್ರಿ. ನಾಳಿ ಬರ್ರಿ."

ಮಂಟಪ ಬಿದ್ದು ಬಿದ್ದು ನಕ್ಕಿತು. ಅಕ್ಕ ಕುರ್ಚಿಯಲ್ಲಿ ಕುಸಿದು, ದಿಂಬನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ, "ಯವ್ವಾ, ಯವ್ವಾ" ಅನ್ನುತ್ತ ನಕ್ಕಳು. ನೋವಿಗೂ ನಗುವಿಗೂ ಒಟ್ಟಿಗೆ ಕಣ್ಣೀರು ಬರುತ್ತಿತ್ತು. ನಡುನಡುವೆ ನನ್ನ ತೋಳು ಹಿಡಿದು, "ಬೈದ್ರು ಲೇ. ಎಲ್ಲಾರ ಎದುರಿಗೆ ಬೈದ್ರು" ಅನ್ನುತ್ತಿದ್ದಳು, ಸನ್ಮಾನ ಆದವರ ಹಾಗೆ.

೬. ಮರುದಿನ

ಮರುದಿನ ಡಾಕ್ಟರು ರಿಪೋರ್ಟು ಮುಂದಿಟ್ಟುಕೊಂಡು ನಿಧಾನಕ್ಕೆ ಹೇಳಿದರು. ಗಡ್ಡೆ ಸಾದಾ ಅಲ್ಲ. ಆದರೆ ಬೇಗ ಸಿಕ್ಕಿದೆ. ಹೈದರಾಬಾದಿಗೆ ಹೋಗಬೇಕು, ಕರೆಂಟು, ಅಂದರೆ ರೇಡಿಯೇಶನ್, ಇಡಿಸಿಕೊಳ್ಳಬೇಕು, ಸುಸ್ತಾಗುತ್ತದೆ. ನನಗೆ ಮುಂದಿನದು ಕೇಳಿಸಲಿಲ್ಲ. ಮೇಜಿನ ಮೇಲಿನ ಪೇಪರ್‌ವೇಟನ್ನೇ ನೋಡುತ್ತಿದ್ದೆ.

ಅಕ್ಕ ಮೊದಲು ಕೇಳಿದ್ದು: "ನಿನ್ನಿ ಯಾಕ ನಗಲಿಲ್ರಿ ನೀವು?"

ಡಾಕ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆ ಕುರ್ಚಿದು ಒಂದು ಕಾಲು ಮುರದಿತ್ರೀ. ಅದರ ಬುಡಕ್ಕ ಇಟ್ಟಿಗಿ ಇಟ್ಟಿದ್ರು. ಸಂಘಟಕರು ಬಂದು ಕಿವ್ಯಾಗ ಹೇಳಿದ್ರು, ಸಾಹೇಬ್ರ, ನಗಬ್ಯಾಡ್ರಿ, ಬೀಳ್ತೀರಿ ಅಂತ."

ಅಕ್ಕ ದಿಂಬು ಹುಡುಕಿದಳು. ಮನೆಯಲ್ಲಿ ಬಿಟ್ಟು ಬಂದಿದ್ದೆವು. ನನ್ನ ವ್ಯಾನಿಟಿ ಬ್ಯಾಗು ಕಿತ್ತುಕೊಂಡು ಹೊಟ್ಟೆಗೆ ಒತ್ತಿ ಹಿಡಿದಳು. ನಗು ಇಳಿದ ಮೇಲೆ ಸೆರಗು ಸರಿಮಾಡಿಕೊಂಡು, ವ್ಯವಹಾರಕ್ಕೆ ಕೂತವರ ಹಾಗೆ ಮುಂದೆ ಬಾಗಿದಳು.

"ಈಗ ಹೇಳ್ರಿ. ಖಾರ?"

"ಬ್ಯಾಡ."

"ಎಣ್ಣಿ?"

"ಬ್ಯಾಡ."

"ಬಿಸಲಾಗ ತಿರುಗೂದು? ಉಪವಾಸ? ಲಗ್ನ, ಕಾರ್ಯ?"

"ಬ್ಯಾಡ, ಬ್ಯಾಡ, ಬ್ಯಾಡ. ಒಂದು ವರ್ಷ ಎಲ್ಲೂ ಬ್ಯಾಡ."

"ವರ್ಷ ಅಂದ್ರಿ?"

"ವರ್ಷನೇ. ಆಮ್ಯಾಲ ನೋಡೂಣು, ಇನ್ನೇನು ಬ್ಯಾಡ ಅಂತ."

ಅಕ್ಕನ ಮುಖ ಅರಳಿತು. "ಕಾಮಿಡಿ?"

"ಅದಂತೂ ಬ್ಯಾಡೇ ಬ್ಯಾಡ್ರಿ."

ಹೊರಗೆ ಬಂದೆವು. ಅಕ್ಕ ಮೊಬೈಲು ತೆಗೆದು ಬಾವನಿಗೆ ಫೋನು ಹಚ್ಚಿದಳು. ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಹಲೋ, ಕೇಳ್ಸಾಕತ್ತದೇನ್ರಿ? ಚಿಂತಿ ಮಾಡಬ್ಯಾಡ್ರಿ. ಡಾಕ್ಟರು ಎಲ್ಲಾ ಬ್ಯಾಡ ಅಂದಾರ."